ಒಳಗೆ ಮಡಚಿದ ತುದಿ

ನಮ್ಮ ಮನೆಯ ಕೀಲಿಕೈಗಳು ಈಗ ಮೇಜಿನ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಇಷ್ಟು ವರ್ಷ ಅವನ್ನು ಹಿಡಿದಿಟ್ಟಿದ್ದ ತುಕ್ಕು ಹಿಡಿದ ರಿಂಗನ್ನು ಇವತ್ತು ಏಕಸಂಬಿಯಲ್ಲಿ ಬಿಟ್ಟು ಬಂದಿದ್ದೇನೆ. ರಿಂಗು ಎಂದರೆ ಬೆರಳಿನದಲ್ಲ. ಕಂಬದ ಸರಳುಗಳನ್ನು ಸುತ್ತುವರಿದು ಹಿಡಿಯುವ ಕಬ್ಬಿಣದ ಚೌಕ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದರೆ ಮತ್ತೆ ಸೋಮಾರಿಯಾಗುತ್ತೇನೆ, ಆದ್ದರಿಂದ ಈಗಲೇ ಕೇಳಿಬಿಡಿ.

ಅದನ್ನು ಮಾಡಿದವರು ರಾಯಬಾಗದಲ್ಲಿ ನಮ್ಮ ಮನೆ ಕಟ್ಟಿದ ಗೌಂಡಿ ಸಿದ್ರಾಮ ಕಾಕಾ. ಹಲಗೆಗೆ ಹೊಡೆದ ಮೊಳೆಗಳ ನಡುವೆ ಸರಳು ಬಗ್ಗಿಸುತ್ತ ಕೂತರೆ ಅವರಿಗೆ ಚಹಾ ಆರಿದ್ದೂ ತಿಳಿಯುತ್ತಿರಲಿಲ್ಲ. ಪ್ರತಿ ರಿಂಗಿನ ಎರಡೂ ತುದಿಗಳನ್ನು ಕಂಬದ ಹೊಟ್ಟೆಯೊಳಕ್ಕೆ ಕೊಂಡಿಯಂತೆ ಮಡಚಬೇಕು. ಇಲ್ಲದಿದ್ದರೆ ನೆಲ ಅಲುಗಿದಾಗ ರಿಂಗು ಬಿಚ್ಚಿಕೊಳ್ಳುತ್ತದೆ, ಸರಳು ಬಾಗುತ್ತದೆ, ಮನೆ ಕೂರುತ್ತದೆ. ನಿಯಮವೂ ಅದನ್ನೇ ಹೇಳುತ್ತದೆ. ಕಾಕಾ ನಿಯಮ ಓದಿದವರಲ್ಲ. ಕೊಯ್ನಾ ಭೂಕಂಪದ ಬಳಿಕ ಆ ಕಡೆ ಕೆಲಸಕ್ಕೆ ಹೋದಾಗ ಬಿರುಕು ಬಿಟ್ಟ ಕಂಬಗಳನ್ನು ಕಂಡು ಬಂದವರು.

ಓದಿದವನು ನಾನು. ಎಂಜಿನಿಯರರೊಬ್ಬರ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸ, ಜೇಬಿನಲ್ಲಿ ಎರಡು ಪೆನ್ನು. ಗತ್ತಿನಿಂದ ನಗುತ್ತ ಕೇಳಿದೆ: “ಕಾಕಾ, ಮ್ಯಾಲ ಕಾಂಕ್ರೀಟ್ ಬೀಳತೈತಿ. ಒಳಗ ಯಾರು ನೋಡ್ತಾರ?”

“ಒಂದಿನ ನೆಲಾ ನೋಡತೈತ್ರಿ,” ಎಂದರು, ತಲೆ ಎತ್ತದೆ. ಉಳಿದ ಒಂದು ರಿಂಗನ್ನು ನನ್ನ ಕೈಗಿಟ್ಟು, “ಕೀಲಿಕೈ ಹಾಕ್ಕೋರಿ,” ಎಂದರು.

ನಾನು ಕೀಲಿಕೈ ಹಾಕಿಕೊಂಡೆ, ಅಷ್ಟೇ. ಕಚೇರಿಯಲ್ಲಿ ಪ್ರತಿ ನಕಾಶೆಯ ಮೂಲೆಗೆ ‘ಭೂಕಂಪ ತಾಳುವಂತೆ ವಿನ್ಯಾಸಗೊಳಿಸಿದೆ’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದೆ. ರಿಂಗಿನ ತುದಿಯ ಚಿತ್ರ ಮಾತ್ರ ಬರೆಯುತ್ತಿರಲಿಲ್ಲ, ಹಾಳೆಯಲ್ಲಿ ಜಾಗ ಸಾಲದೆಂದು. ಆ ಸಾಲೊಂದಿದ್ದರೆ ಪರವಾನಗಿ ಸಿಗುತ್ತಿತ್ತು. ಕೊಡುವವರೂ ಕಂಬದ ಹತ್ತಿರ ಬರಲಿಲ್ಲ, ಪಡೆಯುವವರೂ ಕೇಳಲಿಲ್ಲ. ನಿಪ್ಪಾಣಿಯಿಂದ ಅಥಣಿಯವರೆಗೆ ಎಷ್ಟು ಸಂಸಾರಗಳು ಆ ಒಂದು ಸಾಲನ್ನು ನಂಬಿ ಮಲಗುತ್ತಿವೆಯೋ. ನೆನೆದರೆ ಮೈ ಉರಿಯುತ್ತದೆ, ಮೊದಲು ನನ್ನ ಮೇಲೆಯೇ.

ಇವತ್ತು ಏಕಸಂಬಿಯಲ್ಲಿ ಮಗಳ ಹೊಸ ಮನೆಯ ಕಂಬಗಳಿಗೆ ಕಾಂಕ್ರೀಟ್ ಹಾಕುವ ದಿನ. ಪೇಢೆ ಹಿಡಿದುಕೊಂಡು ಹೋದಾಗ ಕಾಂಕ್ರೀಟ್ ಕಲಸುವ ಮಷೀನು ಆಗಲೇ ತಿರುಗುತ್ತಿತ್ತು. ನಕಾಶೆಯ ಮೂಲೆಯಲ್ಲಿ ಅದೇ ಸಾಲು, ಈಗ ಕಂಪ್ಯೂಟರಿನ ಅಕ್ಷರದಲ್ಲಿ. ಕಂಬದೊಳಗೆ ಇಣುಕಿದೆ. ಒಂದು ರಿಂಗಿನ ತುದಿಯೂ ಒಳಗೆ ಮಡಚಿರಲಿಲ್ಲ. ಮೊಮ್ಮಗಳು ಆ ಕಂಬದ ಪಕ್ಕದಲ್ಲೇ ನಿಂತು ತನ್ನ ಕೋಣೆ ಎಲ್ಲಿ ಬರುತ್ತದೆಂದು ನನಗೆ ತೋರಿಸುತ್ತಿದ್ದಳು.

“ಮಷೀನ್ ಬಂದ್ ಮಾಡ್ರಿ,” ಎಂದೆ.

“ಭೂಕಂಪದ್ದು ನಕಾಶೆದಾಗ ಬರದೈತಲ್ರಿ,” ಎಂದ ಗುತ್ತಿಗೆದಾರ.

“ಅದನ್ನ ಹೆಂಗ ಬರೀತಾರಂತ ನನಗ ಗೊತ್ತೈತಿ.”

ಮಗಳು ಹತ್ತಿರ ಬಂದಳು. “ಅಪ್ಪಾ, ಪೂಜಿ ಆಗೇತಿ, ಮಂದಿ ಬಂದಾರ. ಇವತ್ತ ಬ್ಯಾಡ ಅಂತೀಯಲ್ಲ.” ಅವಳ ಕಣ್ಣು ತುಂಬಿತ್ತು. ಆದರೂ ಕೀಲಿಕೈಗಳನ್ನು ಬಿಡಿಸಿ, ಕಾಕಾನ ರಿಂಗನ್ನು ಸರಳು ಬಗ್ಗಿಸುವವನ ಕೈಗಿಟ್ಟೆ. “ಎಲ್ಲಾ ಹಿಂಗ ಆಗಬೇಕು. ಆಮ್ಯಾಲ ಕಾಂಕ್ರೀಟ್.”

ಮಷೀನಿನ ಸದ್ದು ನಿಂತಿತು. ಗುತ್ತಿಗೆದಾರ ನಕ್ಕ. ನನ್ನದೇ ಹಳೆಯ ನಗು ಅದು.

“ಯಜಮಾನ್ರ, ಕಾಂಕ್ರೀಟ್ ಬಿದ್ದಮ್ಯಾಲ ಒಳಗ ಯಾರು ನೋಡ್ತಾರ್ರಿ?”

“ನಾ ನೋಡೇನಿ,” ಎಂದೆ.