ಗಂಡನ ಮನೆಗೆ ಹೋಗದ ಮಾತ್ರೆ

ಜಯಾ, ನಿನ್ನ ಮಾತ್ರೆ ಬಿಡಿಸಿದವಳು ನಾನು. ಆ ತಪ್ಪನ್ನು ನಿನ್ನ ತಲೆಗೆ ಕಟ್ಟಿದವಳೂ ನಾನೇ, ನಿನ್ನ ಅಕ್ಕ.

ಚಿಕ್ಕಂದಿನ ಜ್ವರ ನಿನ್ನ ಹೃದಯದ ಕವಾಟ ಕೆಡಿಸಿತ್ತು. ಎದೆಬಡಿತ ಅಂಕೆ ತಪ್ಪಿ ಓಡುತ್ತಿತ್ತು. ಒಳಗೆ ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ಮಾತ್ರೆ. ಅದು ಹೆಚ್ಚು ಕಡಿಮೆ ಆಗದಂತೆ ತಿಂಗಳಿಗೊಮ್ಮೆ ಮಾಲೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಕ್ತಪರೀಕ್ಷೆ. ಕರೆದೊಯ್ಯುತ್ತಿದ್ದವಳು ನಾನು. ಒಂದು ದಿನವೂ ಬಿಡಿಸಬೇಡಿ ಎಂದು ಡಾಕ್ಟರು ಹೇಳಿದ್ದೂ ನನಗೇ.

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಿನಗೆ ನಂಗಲಿ ಊರಿನ ಸಂಬಂಧ ಕುದುರಿತು. ಹೃದಯದ ಕಾಯಿಲೆ ಎಂದರೆ ಯಾರು ಒಪ್ಪುತ್ತಾರೆ? ಮನೆಯವರೆಲ್ಲ ಬಾಯಿ ಮುಚ್ಚಿಕೊಂಡೆವು. ನಿನ್ನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ನೀನಿಟ್ಟಿದ್ದ ಮಾತ್ರೆಗಳನ್ನು ನಾನು ಹೊರಗೆ ತೆಗೆದೆ.

"ಅಕ್ಕಾ, ಡಾಕ್ಟ್ರು ಬೈತಾರೆ ಕಣೇ" ಅಂದೆ ನೀನು.

"ಹೊಸದ್ರಲ್ಲೇ ನಿಮ್ಮತ್ತೆ ಕಣ್ಣಿಗೆ ಬಿದ್ರೆ ವಾಪಸ್ ಕಳಿಸ್ತಾರೆ. ಸ್ವಲ್ಪ ದಿನ ತಡ್ಕೊ, ಆಮೇಲೆ ನಾನೇ ತಂದು ಕೊಡ್ತೀನಿ."

ಕೊಡಲಿಲ್ಲ. ಒಮ್ಮೆ ನಿನ್ನ ಗಂಡನ ಮನೆಗೆ ತಂದಿದ್ದೆ — ನೀನು ನಗುತ್ತಾ ಮುದ್ದೆ ಕಟ್ಟುತ್ತಿದ್ದೆ, ಚೆನ್ನಾಗಿಯೇ ಇದ್ದಾಳಲ್ಲ ಎಂದುಕೊಂಡು... ಮಾತ್ರೆಗಳು ನನ್ನ ಚೀಲದಲ್ಲೇ ವಾಪಸಾದವು.

ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಯಿತು. ನಿನ್ನ ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಆಸ್ಪತ್ರೆಯಲ್ಲಿ ನಿನ್ನ ಕಾಯಿಲೆಯ ವಿಷಯ ತಿಳಿದ ನಿನ್ನ ಅತ್ತೆ ಅಳುತ್ತಾ ಕೇಳಿದರು: "ಒಂದ್ ಮಾತು ಹೇಳಿದ್ರೆ ನಾನೇ ದಿನಾ ಮಾತ್ರೆ ಕೊಡ್ತಿರ್ಲಿಲ್ವೇನಮ್ಮಾ?"

ಆಗ ನಾನು — ಥೂ, ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆ — "ನಾವು ಕೊಟ್ಟೇ ಕಳ್ಸಿದ್ವಿ. ಅವಳೇ ನಿಮಗೆ ಮುಚ್ಚಿಟ್ಟು ಬಿಟ್ಬಿಟ್ಲು" ಎಂದೆ. ಮಂಚದ ಮೇಲೆ ಮಲಗಿದ್ದ ನೀನು ಎಲ್ಲ ಕೇಳಿಸಿಕೊಂಡೆ. ತುಟಿ ಅಲುಗಿತು, ಮಾತು ಬರಲಿಲ್ಲ. ಬರಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು.

ನಿನ್ನನ್ನು ತವರಿಗೆ ಕರೆತಂದ ಮೇಲೂ ನೆಂಟರೆಲ್ಲ ನಿನ್ನನ್ನೇ ಬೈದರು, ನಿನಗೆ ತುತ್ತಿಡುವ ನನ್ನನ್ನು ಹೊಗಳಿದರು. ಅಕ್ಕ ಅಂದರೆ ಹೀಗಿರಬೇಕಂತೆ. ಇಷ್ಟು ವರ್ಷ ಕೇಳಿದೆ, ಈ ಹೊಗಳಿಕೆಗೆ ಬೆಂಕಿ ಬೀಳಲಿ. ಹುಡುಗಿಯ ಕಾಯಿಲೆ ಮುಚ್ಚಿಟ್ಟರೆ ವಾಸಿಯಾಗುತ್ತದೆ ಎಂದು ನಂಬಿದ್ದ ನಮ್ಮ ಹಿರಿಯರ ಮೇಲೂ ಸಿಟ್ಟಿದೆ — ಆದರೆ ನಿನ್ನ ಪೆಟ್ಟಿಗೆಗೆ ಕೈ ಹಾಕಿದ್ದು ಅವರಲ್ಲ.

ನಿನ್ನೆ ಅಮ್ಮನಿಗೆ ನಿಜ ಹೇಳಿದೆ. "ಈಗ್ಯಾಕೆ ಅದೆಲ್ಲ, ಬಿಡೇ" ಅಂದಳು. ಬಿಡುವುದಿಲ್ಲ. ಭಾನುವಾರ ನಿನ್ನ ಅತ್ತೆ ನಿನ್ನನ್ನು ನೋಡಲು ಬರುತ್ತಾರೆ. ಸುಳ್ಳನ್ನು ನಿನ್ನೆದುರೇ ಹೇಳಿದ್ದೆ, ನಿಜವನ್ನೂ ನಿನ್ನೆದುರೇ ಹೇಳುತ್ತೇನೆ. ಆಮೇಲೆ ನಾನು ಕೊಡುವ ತುತ್ತನ್ನು ನಿನ್ನ ಎಡಗೈಯಿಂದ ತಳ್ಳಬೇಕೆನಿಸಿದರೆ, ತಳ್ಳು.