ಕೋಟಿನ ಜೇಬಿನಲ್ಲಿ ಬಾಲಯೇಸು

ಜೇಬು ತಡವುವುದು ನನ್ನ ಕಸುಬಿನ ಅರ್ಧ ಭಾಗ. ಪರದೇಶದ ಈ ಹೋಟೆಲಿನ ನೆಲಮಾಳಿಗೆಯಲ್ಲಿ ಅತಿಥಿಗಳ ಬಟ್ಟೆಗೆ ಇಸ್ತ್ರಿ ಹಾಕುವವನು ನಾನು. ಕೋಟು ಕೈಗೆ ಬಂದರೆ ಮೊದಲು ಹೊರಜೇಬು, ಆಮೇಲೆ ಒಳಜೇಬು. ಪೆನ್ನು, ಕನ್ನಡಕ, ಒಮ್ಮೆ ಯಾರದೋ ಹಲ್ಲಿನ ಸೆಟ್ಟನ್ನೂ ಹಿಡಿದಿದ್ದೇನೆ. ಜೇಬು ನೋಡದೆ ಇಸ್ತ್ರಿ ಇಟ್ಟವನು ಮನುಷ್ಯನೇ ಅಲ್ಲ ಎಂದು ಹೊಸಬರಿಗೆ ಪಾಠ ಬೇರೆ ಹೇಳುತ್ತೇನೆ.

ಊರಿನಲ್ಲಿ ನನ್ನ ಜಂಭಕ್ಕೆ ಬೇರೆ ಕಾರಣವಿದೆ. ಕ್ರಿಸ್‌ಮಸ್ಸಿಗೆ ನಮ್ಮ ಮನೆಯ ಗೋದಲಿ ಕಟ್ಟುವವನು ನಾನೇ. ಹುಲ್ಲಿನ ಮಾಡು, ಮಾತೆ ಮರಿಯ, ಜೋಸೆಫ, ಮಣ್ಣಿನ ಕುರಿಗಳು, ಯಾವುದು ಎಲ್ಲಿರಬೇಕೆಂದು ನಾನು ಹೇಳಿದ್ದೇ ಕೊನೆ. ಹೆಂಡತಿ ಒಂದು ಕುರಿಯನ್ನು ಅತ್ತಿತ್ತ ಸರಿಸಿದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಬ್ಬದ ಹಿಂದಿನ ಸಂಜೆ ಬಾಲಯೇಸುವನ್ನು ಮಲಗಿಸುವುದು ಮನೆಯ ಅತಿ ಕಿರಿಯರ ಹಕ್ಕು. ಮಗಳು ಬೀಳಿಸಿಬಿಡುತ್ತಾಳೆಂದು ಅದನ್ನೂ ನಾನೇ ಕಸಿದುಕೊಂಡಿದ್ದೆ. ಈ ಸಲ ಮಾತ್ರ ನಿನ್ನದೇ ಕೈ ಎಂದು ಮಾತು ಕೊಟ್ಟಿದ್ದೆ. ಪಾಪ, ಅವಳು ವಾರದಿಂದ ಒಂದು ಬದನೆಕಾಯಿಯನ್ನು ಮಲಗಿಸಿ ಮಲಗಿಸಿ ಅಭ್ಯಾಸ ಮಾಡುತ್ತಿದ್ದಳಂತೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕೆಲಸದಲ್ಲಿದ್ದಾಗಲೇ ಹೆಂಡತಿಯ ಫೋನು ಬಂತು.

"ರೀ, ಪೆಟ್ಟಿಗೇಲಿ ಎಲ್ಲಾ ಇದೆ, ಬಾಲಯೇಸು ಮಾತ್ರ ಇಲ್ಲ. ಮಗು ಅಳ್ತಾ ಕೂತಿದೆ."

ನಾನು ನಾಲಿಗೆ ಹರಿಬಿಟ್ಟೆ. "ಒಂದು ವರ್ಷ ನಾನಿಲ್ಲ ಅಂದ್ರೆ ದೇವರನ್ನೇ ಕಳೆದುಬಿಡ್ತೀರಲ್ಲ! ನಿನ್ನ ತಮ್ಮ ಆ ಪೆಟ್ಟಿಗೆ ಮುಟ್ಟಿದ್ನಾ? ಅಟ್ಟದ ಮೇಲೆ ಸರಿಯಾಗಿ ನೋಡು!" ಅವಳು ಫೋನಿಟ್ಟಳು. ನಾನು ಹಲ್ಲು ಕಡಿಯುತ್ತ ಇನ್ನೂ ನಾಲ್ಕು ಕೋಟುಗಳ ಜೇಬು ತಡವಿದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನದೇ ಕೋಟನ್ನು ತಂದೆ. ಸಂಜೆ ಚರ್ಚಿನ ಪೂಜೆಗೆ ಹಾಕಿಕೊಳ್ಳಲು ನನಗಿರುವುದು ಅದೊಂದೇ. ನನ್ನದೇ ಅಲ್ಲವೇ, ಜೇಬು ಏನು ನೋಡುವುದು ಎಂದು ಇಸ್ತ್ರಿ ಒತ್ತಿದೆ. ಒಳಜೇಬಿನ ಮೇಲೆ ಏನೋ ಗಟ್ಟಿಯಾಗಿ ತಡೆಯಿತು. ಕೈ ಹಾಕಿದರೆ ಬೆಚ್ಚಗಿನ ಬಾಲಯೇಸು.

ಕಳೆದ ರಜೆಯಲ್ಲಿ ಗೋದಲಿ ಬಿಚ್ಚುವಾಗ ಕೆನ್ನೆಯ ಬಣ್ಣ ಉದುರಿತ್ತು. ಹೊಸ ಬಣ್ಣ ಹಾಕಿಸೋಣವೆಂದು ಜೇಬಿಗಿಳಿಸಿದವನು ಹಾಗೇ ವಿಮಾನ ಹತ್ತಿದ್ದೆ; ಇಳಿದ ಮೇಲೆ ಪೆಟ್ಟಿಗೆ ಸೇರಿದ ಕೋಟು ಹೊರಬಂದದ್ದು ಇವತ್ತೇ. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ಇಸ್ತ್ರಿಯ ಹೊಳಪಿನಲ್ಲೇ ಕಂಡುಕೊಂಡೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಿಜ. ಆದರೆ ಆ ಹೊತ್ತಿಗೆ ಊರಲ್ಲಿ ಸಂಜೆಯಾಗಿತ್ತು, ಮಗಳ ಎದುರು ಗೋದಲಿ ಖಾಲಿಯಿತ್ತು. ವಿಡಿಯೋ ಕಾಲ್ ಮಾಡಿ ಬೊಂಬೆಯನ್ನು ಎತ್ತಿ ಹಿಡಿದೆ.

ಹೆಂಡತಿ ಪರದೆಗೆ ಮುಖ ತಂದು ನೋಡಿದಳು. "ನನ್ನ ತಮ್ಮ ಅಲ್ಲೀವರೆಗೂ ಬಂದಿದ್ನಾ?"

"ತಪ್ಪಾಯ್ತು ಕಣೇ. ಹೊಟ್ಟೆಗೆ ಹಾಕ್ಕೊ."

"ಅದನ್ನ ಆಮೇಲೆ ನೋಡೋಣ. ಈಗ ಮಗೂಗೆ ಏನು ಹೇಳ್ತೀರಾ?"

ಮಗು ನಾನು ಹೇಳುವುದಕ್ಕೆ ಕಾಯಲಿಲ್ಲ. ಕಣ್ಣೊರೆಸಿಕೊಂಡು ಅಮ್ಮನ ಕೈಯಿಂದ ಫೋನನ್ನೇ ಕಿತ್ತುಕೊಂಡಿತು. "ಅಪ್ಪಾ, ನೀನು ಅಲ್ಲಿ ಹಾಗೇ ಹಿಡ್ಕೊಂಡಿರು. ಫೋನ್ ನಾನು ಮಲಗಿಸ್ತೀನಿ."

ಪರದೆಯಲ್ಲಿ ಹುಲ್ಲಿನ ಮಾಡು ತಿರುಗಿತು, ನಿಂತಿತು. ಮಗಳು ಫೋನು ಬೀಳಿಸಲಿಲ್ಲ. ಬದನೆಕಾಯಿಯ ಅಭ್ಯಾಸ ಸುಮ್ಮನೆ ಹೋಗಿರಲಿಲ್ಲ. ನಾನು ಒಂದು ಕೈಯಲ್ಲಿ ಬೊಂಬೆ, ಇನ್ನೊಂದರಲ್ಲಿ ಫೋನು ಹಿಡಿದು, ನೇತುಹಾಕಿದ ಕೋಟುಗಳ ನಡುವೆ ಉಸಿರು ಬಿಗಿಹಿಡಿದು ನಿಂತೆ.

"ಅಪ್ಪಾ, ನಿನ್ನ ಮೂಗೂ ಫೋನಲ್ಲಿ ಬರ್ತಿದೆ!"

"ಬರಲಿ ಬಿಡೇ," ಎಂದಳು ಹೆಂಡತಿ. "ಗೋದಲಿಗೆ ಒಂದು ಎತ್ತೂ ಬೇಕಲ್ಲ."

ಇಷ್ಟು ವರ್ಷ ಗೋದಲಿಯನ್ನು ಹೊರಗಿನಿಂದ ನೋಡಿ ತಪ್ಪು ಹುಡುಕಿದವನು ನಾನು. ಈಗ ಒಳಗೆ ಮಲಗಿ ಮೇಲೆ ನೋಡುತ್ತಿದ್ದೆ. ಮಗಳು ಬಾಯಿ ತೆರೆದುಕೊಂಡು ಬಗ್ಗಿದ್ದಳು. ಅವಳ ಪಕ್ಕ, ವಯಸ್ಸಿಗೆ ಕಣ್ಣು ಮಂಜಾದ ನನ್ನ ಅಮ್ಮ ನನ್ನನ್ನೇ ಬಾಲಯೇಸು ಅಂದುಕೊಂಡು ಕೈಮುಗಿದು, "ಸ್ವಾಮೀ, ಅಷ್ಟು ದೂರ ಇದಾನೆ ನನ್ನ ಮಗ. ಅವನಿಗೆ ಆರೋಗ್ಯ ಕೊಡು, ಸ್ವಲ್ಪ ಬುದ್ಧೀನೂ ಕೊಡು" ಎಂದರು. ಆಮೆನ್ ಎಂದು ನಾನೇ ಹೇಳಬೇಕಾಯಿತು.

ಆಗ ಹೆಂಡತಿಯ ಕೈ ಬಂದು ನನ್ನ ಕಣ್ಣೆದುರೇ ಒಂದು ಕುರಿಯನ್ನು ಎತ್ತಿತು. ಅಭ್ಯಾಸಬಲದಿಂದ ಅವಳು ಕೈ ತಡೆದಳು. "ಎಲ್ಲಿಡಲಿ, ಹೇಳಿ."

"ನಿನಗೆ ಎಲ್ಲಿ ಬೇಕೋ ಅಲ್ಲಿಡು ಕಣೇ," ಎಂದೆ. "ನೀವು ಮೂವರೂ ನನಗೆ ಕಾಣೋ ಹಾಗಿದ್ರೆ ಸಾಕು."