ಕೊಟ್ಟ ಮಗಳ ಇ.ಎಸ್.ಐ. ಕಾರ್ಡು

ಅಬ್ಬಿಗೆರೆಯ ನಮ್ಮ ಪಕ್ಕದ ಮನೆಯ ಗೋಪಾಲಮ್ಮನಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಗಂಡ ತೀರಿಕೊಂಡ ಮೇಲೆ ಹೂ ಕಟ್ಟಿ ಮಾರಿ, ಒಬ್ಬಳೇ ಮಗಳು ಧನಲಕ್ಷ್ಮಿಯನ್ನು ಸಾಕಿದಳು. ಯಾರ ಹಂಗಿಗೂ ಬೀಳಲಿಲ್ಲ. ಅದೇ ನಿನ್ನ ದೊಡ್ಡ ಕಾಯಿಲೆ ಎಂದು ನಾನು ಅವಳ ಮುಖಕ್ಕೇ ಹೇಳಿದ್ದೇನೆ.

ನಿಜವಾದ ಕಾಯಿಲೆಗಳೂ ಇದ್ದವು. ಬಿ.ಪಿ., ಜೊತೆಗೆ ಶುಗರ್. ಧನಲಕ್ಷ್ಮಿ ಗಾರ್ಮೆಂಟ್ಸ್ ಸೇರಿದ ಮೇಲೆ ಅವಳ ಸಂಬಳದಲ್ಲಿ ಪ್ರತಿ ತಿಂಗಳೂ ಇ.ಎಸ್.ಐ. ವಿಮೆಗೆಂದು ಒಂದಿಷ್ಟು ಹಿಡಿಯುತ್ತಿದ್ದರು. ಆ ಕಾರ್ಡಿನಲ್ಲಿ ತಾಯಿಯ ಹೆಸರೂ ಇತ್ತು. ಡಿಸ್ಪೆನ್ಸರಿಗೆ ಹೋದರೆ ಡಾಕ್ಟರು ಬರೆದುಕೊಟ್ಟ ಮಾತ್ರೆಗಳೆಲ್ಲ ಪುಕ್ಕಟೆ. ಗೋಪಾಲಮ್ಮನಂಥವಳು ತಪ್ಪದೆ ಮಾತ್ರೆ ನುಂಗುತ್ತಿದ್ದುದೇ ಆ ಕಾರಣಕ್ಕೆ.

ಹೋದ ವರ್ಷ ಧನಲಕ್ಷ್ಮಿಗೆ ತಣಿಸಂದ್ರದ ಸುಬ್ರಮಣಿಯ ಜೊತೆ ಮದುವೆಯಾಯಿತು. ಆಟೋ ಓಡಿಸುವ ಹುಡುಗ, ಬಾಯಿ ಜೋರು, ಮನಸ್ಸು ಒಳ್ಳೆಯದು. ಧನಲಕ್ಷ್ಮಿ ಕೆಲಸವನ್ನೇನೂ ಬಿಡಲಿಲ್ಲ. ಆದರೆ ಧಾರೆ ಎರೆದು ಕೊಟ್ಟ ಮೇಲೆ ಗೋಪಾಲಮ್ಮ ಡಿಸ್ಪೆನ್ಸರಿಯ ಕಡೆ ತಲೆ ಹಾಕಲೇ ಇಲ್ಲ. ನನಗೆ ಅದು ಗೊತ್ತಾದದ್ದು, ಒಂದು ದಿನ ಅವಳು ತಲೆ ಸುತ್ತಿ ನಮ್ಮ ಬಾಗಿಲಲ್ಲಿ ಕುಸಿದು ಕೂತಾಗ.

"ಮಾತ್ರೆ ತಗೊಂಡ್ಯೇನೇ?" ಎಂದೆ.

"ನೆನ್ನೆ ತಗೊಂಡೆ ಕಣಕ್ಕ. ಮೆಡಿಕಲ್ ಸ್ಟೋರ್‌ನಾಗೆ ಬಲು ರೇಟು. ದಿನ ಬಿಟ್ಟು ದಿನ ತಗೋತೀನಿ."

"ಮಗಳ ಕಾರ್ಡ್ ಏನಾಯ್ತು?"

"ಕೊಟ್ಟಾಯ್ತಲ್ಲಕ್ಕ. ಈಗ ಅವಳು ಆ ಮನೆಯೋಳು. ಕೌಂಟರ್‌ನಾಗೆ ಎಲ್ಲಾರ ಮುಂದೆ, ನಿನ್ನ ಎಸ್ರು ತೆಗೆದಾಕವ್ರೆ ಓಗಮ್ಮ ಅಂದ್ಬುಟ್ರೆ? ಅದನ್ನ ಎಂಗೆ ಕೇಳಿಸ್ಕೊಳ್ಳಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಬಾಯಿ ಮುಚ್ಚಿಸಿ, ಅಲ್ಲೇ ಧನಲಕ್ಷ್ಮಿಗೆ ಫೋನ್ ಮಾಡಿದೆ. ಆ ಹುಡುಗಿ ಫೋನಿನಲ್ಲೇ ಅತ್ತಳು. ಡಿಸ್ಪೆನ್ಸರಿಯಲ್ಲೇ ಮಾತ್ರೆ ತರುತ್ತಿದ್ದೇನೆ ಎಂದು ತಾಯಿ ಅವಳಿಗೆ ಸುಳ್ಳು ಹೇಳಿಕೊಂಡು ಬಂದಿದ್ದಳಂತೆ.

ಮರುದಿನ ಬೆಳಿಗ್ಗೆಯೇ ಗಂಡ ಹೆಂಡತಿ ಆಟೋ ತಂದರು. ನಾನೂ ಹತ್ತಿದೆ. ಡಿಸ್ಪೆನ್ಸರಿಯಲ್ಲಿ ಗೋಪಾಲಮ್ಮ ನನ್ನ ಬೆನ್ನ ಹಿಂದೆ ಅವಿತುಕೊಂಡಳು. ನನ್ನ ಸೆರಗನ್ನು ಬಿಡಲೇ ಇಲ್ಲ. ಸುಳ್ಳೇಕೆ, ನನಗೂ ಹೆದರಿಕೆಯಾಯಿತು. ಹೆಸರು ನಿಜವಾಗಿಯೂ ತೆಗೆದುಹಾಕಿದ್ದರೆ ಇವಳು ಇನ್ನೆಂದೂ ಮಾತ್ರೆ ಮುಟ್ಟುವವಳಲ್ಲ.

ಗುಮಾಸ್ತರು ಕಂಪ್ಯೂಟರ್ ನೋಡಿ, "ಗೋಪಾಲಮ್ಮ, ತಾಯಿ. ಇದ್ದಾರಲ್ಲ. ಯಾಕಮ್ಮಾ, ಇಷ್ಟು ದಿನ ಬಂದೇ ಇಲ್ಲ?" ಎಂದರು.

"ಮಗಳಿಗೆ ಮದ್ವೆ ಆಯ್ತಲ್ಲ ಸಾರ್," ಎಂದಳು ಗೋಪಾಲಮ್ಮ, ನೆಲ ನೋಡುತ್ತಾ.

"ಆದ್ರೇನು? ಅವ್ರ ದುಡಿಮೆ ಮೇಲೆ ತಾನೇ ನೀವಿರೋದು? ನಿಮ್ಮ ಹೆಸ್ರು ಹಾಗೇ ಇರುತ್ತೆ. ಗಂಡನ ಹೆಸ್ರೇ ಇನ್ನೂ ಸೇರಿಸಿಲ್ಲ ನೋಡಿ, ಕಂಪನೀಲಿ ಹೇಳಿ ಸೇರಿಸ್ಕೊಳ್ಳಿ."

ಸುಬ್ರಮಣಿ ಹಣೆ ಚಚ್ಚಿಕೊಂಡ. "ನೋಡಿ ಅತ್ತೆ, ತಾಳಿ ಕಟ್ಟಿದ ನಾನೇ ಇನ್ನೂ ಹೊರಗಿನವನು. ನೀವು ಒಳಗಿದ್ದೀರ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಡಾಕ್ಟರು ಬಿ.ಪಿ. ನೋಡಿ ಚೆನ್ನಾಗಿ ಬೈದರು. ಬೈಸಿಕೊಳ್ಳುವಾಗಲೂ ಗೋಪಾಲಮ್ಮನ ಮುಖ ಅರಳಿತ್ತು. ಮಾತ್ರೆಗಳ ಪೊಟ್ಟಣವನ್ನು ಎದೆಗೊತ್ತಿಕೊಂಡು ಹೊರಗೆ ಬಂದವಳು, ಆಟೋ ಹತ್ತುವ ಮೊದಲು ಮಗಳನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು.

"ಅತ್ತೆ, ಅಬ್ಬಿಗೆರೆಗೆ ತಾನೇ?" ಎಂದು ಸುಬ್ರಮಣಿ ಕೇಳಿದ.

ಮದುವೆಯಾದಾಗಿನಿಂದ ಮಗಳ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿಯದ ಗೋಪಾಲಮ್ಮ ಕಣ್ಣೊರೆಸಿಕೊಂಡು, "ತಣಿಸಂದ್ರಕ್ಕೆ ನಡಿಯಪ್ಪ. ಒಟ್ಟೆ ಅಸೀತೈತೆ, ನನ್ ಮಗಳ ಮನೇಲಿ ಉಣ್ಣಬೇಕು," ಎಂದಳು.